ನಾವು ಬರೆದದ್ದನ್ನು ಬೇರೆ ಯಾರೋ ಮಾರುತ್ತಿದ್ದಾರೆ, ತಡೆಯುವುದು ಹೇಗೆ?

ಮಸಿಕುಡಿಕೆ

ಸ್ವಲ್ಪ ಉದ್ದದ ವಿಷಯ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ಹೊಲಿಗೆ ಕಲಿಯುವವರಿಗಾಗಿ ನಾನು ಬಹಳ ವರ್ಷಗಳಿಂದ ಪಾಠ ಬರೆಯುತ್ತಿದ್ದೇನೆ. ನನ್ನದೇ ಜಾಲತಾಣ. ಯಾರು ಬೇಕಾದರೂ ಬಂದು ಓದಬಹುದು, ದುಡ್ಡು ಕೇಳುವುದಿಲ್ಲ. ಮೊನ್ನೆ ಒಬ್ಬ ಓದುಗರು ಲಿಂಕ್ ಕಳಿಸಿ "ಇದು ನಿಮ್ಮ ಪುಸ್ತಕ ಅಲ್ವಾ, ಹೆಸರು ಯಾಕೆ ಬೇರೆ ಇದೆ" ಅಂತ ಕೇಳಿದರು. ತೆಗೆದು ನೋಡಿದರೆ ನನ್ನ ಪಾಠಗಳನ್ನೆಲ್ಲ ಒಟ್ಟು ಸೇರಿಸಿ ಇ-ಪುಸ್ತಕ ಮಾಡಿ, ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ. ಯಾವ ಮಾರುಕಟ್ಟೆ ಅನ್ನುವುದು ಇಲ್ಲಿ ಬೇಡ.

ತಿದ್ದುವ ಗೋಜಿಗೂ ಹೋಗಿಲ್ಲ. ತೋಳು ಜೋಡಿಸುವ ಪಾಠವನ್ನು ನಾನು "ಹೋದ ವಾರ ಕತ್ತರಿಸಿಟ್ಟ ತೋಳನ್ನು ಈಗ ಕೈಗೆ ತೆಗೆದುಕೊಳ್ಳಿ" ಅಂತ ಶುರು ಮಾಡಿದ್ದೆ. ಪುಸ್ತಕದ ಅಧ್ಯಾಯವೂ ಹಾಗೇ ಶುರುವಾಗುತ್ತದೆ. ನನ್ನ ಚಿತ್ರದಲ್ಲಿ ತೋಳಿನ ಮುಂಭಾಗ ಗೊತ್ತಾಗಲಿ ಅಂತ ಕೆಂಪು ಚುಕ್ಕಿ ಇಟ್ಟಿದ್ದೆ. ಅಲ್ಲಿ ಚಿತ್ರ ಕಪ್ಪು ಬಿಳುಪು, ಆದರೆ ಮಾತು ಮಾತ್ರ "ಕೆಂಪು ಚುಕ್ಕಿ ನೋಡಿಕೊಂಡು ಪಿನ್ ಹಾಕಿ" ಅಂತಲೇ ಇದೆ. ಹೊಸದಾಗಿ ಕಲಿಯುವವರು ದುಡ್ಡು ಕೊಟ್ಟು ಅದನ್ನು ಕೊಂಡು ತೋಳನ್ನು ಹಿಂದುಮುಂದಾಗಿ ಹೊಲಿದು, ತಮಗೇ ಹೊಲಿಗೆ ಬರುವುದಿಲ್ಲ ಅಂದುಕೊಳ್ಳುತ್ತಾರಲ್ಲ, ನನಗೆ ಅದೇ ಜಾಸ್ತಿ ಸಂಕಟ.

ಮಾರುವವರಿಗೆ ನೇರವಾಗಿ ಬರೆಯಲೇ? ನಾನು ಕೃತಿಸ್ವಾಮ್ಯವನ್ನು ಎಲ್ಲೂ ನೋಂದಾಯಿಸಿಲ್ಲ, ಆದರೂ ನನಗೆ ಹಕ್ಕು ಇದೆಯಾ? ಜಾಲತಾಣಕ್ಕೆ ಬೀಗ ಹಾಕಬೇಕಾ?

ತಿದ್ದುಪಡಿ

ಮೊದಲು ಮಾರುವವರಿಗೆ ಬರೆಯಬೇಡಿ. ಕೋಪ ಬರುವುದು ಸಹಜ, ಆದರೆ ನೀವು ಬರೆದ ತಕ್ಷಣ ಆ ಪುಟ ಮಾಯವಾಗುತ್ತದೆ, ರಾತ್ರೋರಾತ್ರಿ ಬೇರೆ ಹೆಸರು ಬೇರೆ ಮುಖಪುಟ ಹಾಕಿಕೊಂಡು ಮತ್ತೆ ಬರುತ್ತದೆ, ಆಗ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲ ಕೆಲಸ ಸಾಕ್ಷಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ವಿಳಾಸದ ಪಟ್ಟಿ ಮತ್ತು ದಿನಾಂಕ ಕಾಣುವ ಹಾಗೆ. ಮಾದರಿ ಪುಟಗಳಿದ್ದರೆ ಅವನ್ನೂ ತೆಗೆಯಿರಿ. ಆಮೇಲೆ ಜಾಲಪುಟಗಳ ಪ್ರತಿಯನ್ನು ದಿನಾಂಕ ಸಮೇತ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ಅವರ ಪುಟವನ್ನೂ ನಿಮ್ಮ ಮೂಲ ಪಾಠಗಳನ್ನೂ ಉಳಿಸಿ. ನಿಮ್ಮ ಹಳೆಯ ಪಾಠಗಳು ಅಲ್ಲಿ ಆಗಲೇ ಸೇರಿರಬಹುದು, ಹುಡುಕಿ ನೋಡಿ. ನಿಮ್ಮ ಜಾಲತಾಣ ತೋರಿಸುವ ದಿನಾಂಕವನ್ನು ನೀವೇ ಬದಲಾಯಿಸಬಹುದು ಅಂತ ಯಾರಾದರೂ ವಾದ ಮಾಡಬಹುದು, ಮೂರನೆಯವರ ಬಳಿ ಇರುವ ದಿನಾಂಕಕ್ಕೆ ಹಾಗೆ ಅನ್ನಲಾಗದು. ಸಾಧ್ಯವಾದರೆ ಒಂದು ಪ್ರತಿ ಕೊಂಡು ರಸೀದಿ ಇಟ್ಟುಕೊಳ್ಳಿ. ಮಾರಾಟ ನಡೆದಿದೆ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ.

ಹಕ್ಕಿನ ಬಗ್ಗೆ ಚಿಂತೆ ಬೇಡ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಈಗ 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಹಕ್ಕು ಸಿಗಲು ನೋಂದಣಿ ಬೇಕಿಲ್ಲ ಅನ್ನುವ ನಿಯಮ ಅದಕ್ಕೆ 1908ರಲ್ಲೇ ಬಂತು. ಬರೆದ ಕ್ಷಣದಿಂದ ಅದು ನಿಮ್ಮದು. © ಗುರುತು ಹಾಕದಿದ್ದರೂ ನಿಮ್ಮದೇ.

ಓದುಗ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಒಂದು ಪ್ರಶ್ನೆ. ಪಾಠಗಳು ಹೇಗೂ ಉಚಿತವಾಗಿ ಸಿಗುತ್ತಿದ್ದವು. ತೋಳಿನ ಅಳತೆ, ಹೊಲಿಗೆಯ ಕ್ರಮ ಎಲ್ಲರಿಗೂ ಒಂದೇ. ಅದನ್ನು ಯಾರಾದರೂ ಪುಸ್ತಕ ಮಾಡಿದರೆ ಕಳ್ಳತನ ಅಂತ ಹೇಗೆ ಹೇಳುತ್ತೀರಿ?

ಕಟ್ಟೆವಕೀಲ

ಪ್ರಶ್ನೆ ನ್ಯಾಯವಾದದ್ದೇ. ಅರ್ಧ ನೀವು ಹೇಳಿದ್ದು ಸರಿ. ಅಳತೆ, ಸತ್ಯ ಸಂಗತಿ, ವಿಧಾನ, ಐಡಿಯಾ ಯಾರ ಸ್ವತ್ತೂ ಅಲ್ಲ. ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1991ರ ಫೈಸ್ಟ್ ತೀರ್ಪು ನೋಡಿ. ಒಂದು ಟೆಲಿಫೋನ್ ಕಂಪನಿ ತನ್ನ ಡೈರೆಕ್ಟರಿಯಲ್ಲಿ, ನಕಲು ಮಾಡಿದವರು ಸಿಕ್ಕಿಬೀಳಲಿ ಅಂತ, ಕೆಲವು ಸುಳ್ಳು ಹೆಸರು ಸೇರಿಸಿತ್ತು. ನಕಲು ಮಾಡಿದ ಪ್ರಕಾಶಕರ ಪುಸ್ತಕದಲ್ಲಿ ಅಂಥ ನಾಲ್ಕು ಸುಳ್ಳು ಹೆಸರು ಸಿಕ್ಕವು. ನಕಲು ಆಗಿದೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಆದರೂ ಟೆಲಿಫೋನ್ ಕಂಪನಿ ಸೋತಿತು. ಹೆಸರು ಮತ್ತು ನಂಬರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಡುವುದರಲ್ಲಿ ಸ್ವಂತಿಕೆ ಇಲ್ಲ, ಎಷ್ಟೇ ಬೆವರು ಸುರಿಸಿದ್ದರೂ ಅದು ಸಾಲದು ಅಂತ ಕೋರ್ಟ್ ಹೇಳಿತು.

ಆದರೆ ಮಸಿಕುಡಿಕೆಯವರ ವಿಷಯ ಅದಲ್ಲ. ಅವರ ವಾಕ್ಯ, ಅವರ ಉದಾಹರಣೆ, ಅವರ ಚಿತ್ರ, ಪಾಠಗಳನ್ನು ಜೋಡಿಸಿದ ರೀತಿ ಎಲ್ಲ ಅವರದು. ಅದೇ ಅಳತೆ ಇಟ್ಟುಕೊಂಡು ಬೇರೊಬ್ಬರು ತಮ್ಮ ಮಾತಿನಲ್ಲಿ ಪಾಠ ಬರೆದು ಮಾರಲಿ, ಯಾರೂ ಬೇಡ ಅನ್ನುವುದಿಲ್ಲ. "ಹೋದ ವಾರ ಕತ್ತರಿಸಿಟ್ಟ ತೋಳು" ಅನ್ನುವ ವಾಕ್ಯ ಅಳತೆ ಅಲ್ಲ.

ಇನ್ನು ಉಚಿತ ಅನ್ನುವ ಮಾತು. ಓದಲು ಉಚಿತ ಅಂದರೆ ಮಾರಲು ಅನುಮತಿ ಅಂತ ಅಲ್ಲ. ಎರಡೂ ಬೇರೆ ಬೇರೆ ಹಕ್ಕು.

ಸರ್ವರ್‌ಕೋಣೆ

ಬೀಗದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಹಾಕಬೇಡಿ.

ರೈಟ್ ಕ್ಲಿಕ್ ಬಂದ್ ಮಾಡುವುದು, ಪಠ್ಯ ಆಯ್ಕೆ ಮಾಡಲು ಬಿಡದಿರುವುದು, ಇವೆಲ್ಲ ಸುಮ್ನೆ ಓದುಗರಿಗೆ ತೊಂದರೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುತ್ತಾರೆ, ಕೆಲವರು ಒಂದು ಪದ ಆರಿಸಿ ಅರ್ಥ ನೋಡುತ್ತಾರೆ, ಪೆಟ್ಟು ಅವರಿಗೇ ಬೀಳುತ್ತದೆ. ಕದಿಯುವವರು ಕೈಯಿಂದ ಕಾಪಿ ಮಾಡುತ್ತಾ ಕೂರುವುದಿಲ್ಲ. ಅವರ ತಂತ್ರಾಂಶ ಪುಟವನ್ನು ಬ್ರೌಸರಿನಲ್ಲಿ ತೆರೆಯುವುದೇ ಇಲ್ಲ, ಸರ್ವರ್ ಕೊಡುವ ಎಚ್‌ಟಿಎಂಎಲ್ ಅನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಯಾವ ಪುಟ ಓದಬಾರದು ಅಂತ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಕಡತವೂ ಬರೀ ವಿನಂತಿ. ಮರ್ಯಾದೆ ಇರುವ ಹುಡುಕುಯಂತ್ರಗಳು ಅದನ್ನು ಪಾಲಿಸುತ್ತವೆ, ಕಳ್ಳರು ಪಾಲಿಸಬೇಕು ಅಂತ ಏನೂ ಇಲ್ಲ.

ಮಾಡಬಹುದಾದ್ದು ಇಷ್ಟು. ಹೊಸ ಪಾಠಗಳನ್ನು ಚಂದಾದಾರರಿಗೆ ತಾನಾಗಿಯೇ ತಲುಪಿಸುವ ನಿಮ್ಮ ಆರ್‌ಎಸ್‌ಎಸ್ ಫೀಡ್‌ನಲ್ಲಿ ಪೂರ್ತಿ ಪಾಠ ಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ಸಾರಾಂಶ ಮಾತ್ರ ಹೋಗುವ ಹಾಗೆ ಮಾಡಿ. ತಾನಾಗಿಯೇ ನಕಲು ಮಾಡುವ ತಾಣಗಳಲ್ಲಿ ಬಹಳಷ್ಟು ಫೀಡ್ ಮೇಲೇ ಬದುಕುತ್ತವೆ. ಪ್ರತಿ ಪಾಠದ ನಡುವೆ ನಿಮ್ಮದೇ ಹಿಂದಿನ ಪಾಠಗಳಿಗೆ ಲಿಂಕ್ ಕೊಡಿ. ಕದ್ದವರು ಎಷ್ಟೋ ಸಲ ಅದನ್ನು ಅಳಿಸುವುದೇ ಇಲ್ಲ, ಕದ್ದ ಪುಟದಿಂದ ಯಾರಾದರೂ ಕ್ಲಿಕ್ ಮಾಡಿದರೆ ನಿಮ್ಮ ಲಾಗ್‌ನಲ್ಲಿ, ಅಂದರೆ ಸರ್ವರ್ ಬರೆದಿಡುವ ಭೇಟಿಗಳ ದಾಖಲೆಯಲ್ಲಿ, ಆ ತಾಣದ ವಿಳಾಸ ಕಾಣಿಸುತ್ತದೆ. ಒಂದೇ ಐಪಿ ವಿಳಾಸದಿಂದ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೆಲವೇ ನಿಮಿಷಗಳಲ್ಲಿ ಎಲ್ಲ ಪುಟಗಳೂ ಸಾಲಾಗಿ ಇಳಿದಿದ್ದರೆ ಅದೂ ಲಾಗ್‌ನಲ್ಲೇ ಇರುತ್ತದೆ. ಹಳೆಯ ಲಾಗ್ ತಾನಾಗಿಯೇ ಅಳಿಸಿಹೋಗುವ ಮೊದಲು ಒಂದು ಪ್ರತಿ ಎತ್ತಿಡಿ.

ಹುಡುಕುವುದಕ್ಕೆ ಪ್ರತಿ ಪಾಠದಿಂದ ಒಂದು ವಿಚಿತ್ರವಾದ ವಾಕ್ಯ ಆರಿಸಿಕೊಳ್ಳಿ. ಎಲ್ಲರೂ ಬರೆಯುವಂಥದ್ದು ಬೇಡ. ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಅಲರ್ಟ್ ಇಟ್ಟುಕೊಳ್ಳಿ. ಒಂದು ಮಿತಿ ಇದೆ: ಸ್ಕ್ಯಾನ್ ಮಾಡಿದ ಪಿಡಿಎಫ್ ಅಥವಾ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಇಟ್ಟರೆ ಹುಡುಕಾಟದಲ್ಲಿ ಸರಿಯಾಗಿ ಸಿಗುವುದಿಲ್ಲ. ಅಂಥದ್ದನ್ನು ನಿಮಗೆ ಹೇಳುವವರು ಓದುಗರೇ.

ಪಾಠಪಟ್ಟಿ

ನನ್ನದು ಸ್ವಲ್ಪ ಬೇರೆ. ನಾನು ದುಡ್ಡಿಗೆ ಕೋರ್ಸ್ ಮಾರುತ್ತೇನೆ, ಪಿಡಿಎಫ್ ರೂಪದಲ್ಲಿ. ಯಾರೋ ಒಬ್ಬರು ಕೊಂಡು ಮೆಸೇಜಿಂಗ್ ಗುಂಪಿನಲ್ಲಿ ಕಡಿಮೆ ಬೆಲೆಗೆ ಮಾರಲು ಶುರು ಮಾಡಿದರು. ಪಾಸ್‌ವರ್ಡ್ ಹಾಕಿದರೆ ಪ್ರಯೋಜನವಿಲ್ಲ, ಪಿಡಿಎಫ್ ಜೊತೆ ಪಾಸ್‌ವರ್ಡನ್ನೂ ಹಂಚುತ್ತಾರೆ. ಈಗ ಪ್ರತಿ ಪ್ರತಿಯ ಪುಟದ ಕೆಳಗೆ ಕೊಂಡವರ ಹೆಸರು ಮತ್ತು ಆರ್ಡರ್ ಸಂಖ್ಯೆ ತಾನಾಗಿಯೇ ಅಚ್ಚಾಗುತ್ತದೆ. ಪ್ರಾಮಾಣಿಕರಿಗೆ ಏನೂ ತೊಂದರೆ ಇಲ್ಲ, ಎಷ್ಟು ಸಾಧನಗಳಲ್ಲಿ ಬೇಕಾದರೂ ಓದಬಹುದು. ಹಂಚಬೇಕು ಅಂದುಕೊಂಡವರು ತಮ್ಮ ಹೆಸರು ಕಂಡು ಒಮ್ಮೆ ಯೋಚಿಸುತ್ತಾರೆ. ಅಳಿಸಲು ಬರುತ್ತದೆ, ನಿಜ. ಆದರೆ ಎಲ್ಲ ಪುಟದಿಂದ ಅಳಿಸುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಹಳೆಪುಟ

ಮಧ್ಯೆ ಕೇಳುತ್ತಿದ್ದೇನೆ. ನಾನು ದುಡ್ಡು ಕೊಟ್ಟು ಕೊಂಡ ಇ-ಪುಸ್ತಕ ಓದಿ ಆಯಿತು. ಅಚ್ಚಿನ ಪುಸ್ತಕದ ಹಾಗೆ ಅದನ್ನು ಇನ್ನೊಬ್ಬರಿಗೆ ಮಾರಬಹುದಾ?

ಕಟ್ಟೆವಕೀಲ

ಅಚ್ಚಿನ ಪುಸ್ತಕವಾದರೆ ಧಾರಾಳವಾಗಿ ಮಾರಿ, ನಿಮ್ಮ ಕೈಯಿಂದ ಹೋದ ಮೇಲೆ ನಿಮ್ಮ ಬಳಿ ಇರುವುದಿಲ್ಲ. ಇ-ಪುಸ್ತಕದ ವಿಷಯದಲ್ಲಿ ಯುರೋಪಿನ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಟಾಮ್ ಕ್ಯಾಬಿನೆಟ್ ಪ್ರಕರಣದಲ್ಲಿ ಆಗಲ್ಲ ಅಂತ ಹೇಳಿದೆ. ಅಮೆರಿಕದಲ್ಲಿ ಹಾಡಿನ ಕಡತಗಳ ಬಗ್ಗೆ 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದೇ ದಾರಿ ಹಿಡಿಯಿತು. ಡಿಜಿಟಲ್ ಕಡತವನ್ನು ಕಳಿಸುವುದು ಅಂದರೆ ಹೊಸ ಪ್ರತಿ ಮಾಡುವುದೇ.

ಮಸಿಕುಡಿಕೆ

ಎಲ್ಲರಿಗೂ ಧನ್ಯವಾದ. ಸ್ಕ್ರೀನ್‌ಶಾಟ್, ವೇಬ್ಯಾಕ್, ಕೊಂಡ ಪ್ರತಿ, ರಸೀದಿ ಎಲ್ಲ ಆಯಿತು. ಪುಸ್ತಕ ಪೂರ್ತಿ ಓದಿದೆ. ಮುನ್ನುಡಿ ಮಾತ್ರ ಅವರದು, ಉಳಿದದ್ದೆಲ್ಲ ನನ್ನದೇ. ಈಗ ದೂರು ಯಾರಿಗೆ, ಅದರಲ್ಲಿ ಏನು ಬರೆಯಬೇಕು?

ತಿದ್ದುಪಡಿ

ಮಾರುಕಟ್ಟೆಯ ತಾಣದ ಕೆಳಭಾಗದಲ್ಲಿ ಕೃತಿಸ್ವಾಮ್ಯ ಅಥವಾ ಕಾನೂನು ಅಂತ ಲಿಂಕ್ ಇರುತ್ತದೆ, ಅದರೊಳಗೆ ಫಾರಂ ಸಿಗುತ್ತದೆ. ಗ್ರಾಹಕ ಸೇವೆಗೆ ಬರೆದು ಕಾಯಬೇಡಿ, ಅವರಿಗೆ ಈ ಅಧಿಕಾರ ಇರುವುದಿಲ್ಲ. ಕಂಪನಿ ಅಮೆರಿಕದ್ದಾದರೆ ಅಲ್ಲಿನ ಕಾಪಿರೈಟ್ ಆಫೀಸಿನ ಜಾಲತಾಣದಲ್ಲಿ ಇಂಥ ದೂರು ಪಡೆಯಲು ಕಂಪನಿಗಳು ನೇಮಿಸಿದ ಏಜೆಂಟರ ಪಟ್ಟಿಯೇ ಇದೆ, ಹುಡುಕಬಹುದು.

ಡಿಎಂಸಿಎ ಅನ್ನುವ ಅಮೆರಿಕದ 1998ರ ಕೃತಿಸ್ವಾಮ್ಯ ಕಾನೂನು ದೂರಿನಲ್ಲಿ ಏನೇನು ಇರಬೇಕು ಅಂತ ಹೇಳುತ್ತದೆ. ಕದ್ದಿರುವ ಕೃತಿ ಯಾವುದು, ನಕಲು ಎಲ್ಲಿದೆ, ನಿಮ್ಮ ಸಂಪರ್ಕ ವಿವರ, ಈ ಬಳಕೆಗೆ ಅನುಮತಿ ಇಲ್ಲ ಅಂತ ಪ್ರಾಮಾಣಿಕವಾಗಿ ನಂಬಿದ್ದೀರಿ ಅನ್ನುವ ಮಾತು, ದೂರಿನ ಮಾಹಿತಿ ಸರಿ ಇದೆ ಮತ್ತು ನೀವೇ ಹಕ್ಕುದಾರರು ಅಥವಾ ಅವರ ಪರವಾಗಿ ದೂರು ಕೊಡುವ ಅಧಿಕಾರ ಇರುವವರು ಅನ್ನುವ ಪ್ರಮಾಣ, ಕೊನೆಗೆ ಸಹಿ. ಟೈಪ್ ಮಾಡಿದ ಹೆಸರೇ ಸಹಿಯಾಗಿ ನಡೆಯುತ್ತದೆ.

ದೂರು ಬಿದ್ದುಹೋಗುವುದು ವಿವರ ಸಾಲದೆ. "ನನ್ನ ಪಾಠಗಳನ್ನು ಕದ್ದಿದ್ದಾರೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಅದನ್ನು ಓದುವವರಿಗೆ ಏನೂ ಮಾಡಲು ಆಗುವುದಿಲ್ಲ. ಹೀಗೆ ಬರೆಯಿರಿ:

"ಈ ಪುಸ್ತಕದ ಮೂರನೇ ಅಧ್ಯಾಯದ ಮೊದಲ ಪುಟ, 'ಹೋದ ವಾರ ಕತ್ತರಿಸಿಟ್ಟ ತೋಳನ್ನು' ಎಂಬಲ್ಲಿಂದ ಅಧ್ಯಾಯದ ಕೊನೆಯವರೆಗೆ, ನನ್ನ ಜಾಲತಾಣದ ಈ ವಿಳಾಸದಲ್ಲಿರುವ ಪಾಠದ ಪದಶಃ ನಕಲು. ಮೂಲ ಪ್ರಕಟವಾದ ದಿನಾಂಕ ಇದು. ಆರ್ಕೈವ್‌ನಲ್ಲಿ ಉಳಿದ ಪ್ರತಿಯ ವಿಳಾಸ ಇದು. ಅಧ್ಯಾಯದ ಎರಡನೇ ಚಿತ್ರವೂ ನನ್ನದು. ಪಠ್ಯದಲ್ಲಿ ಹೇಳಿರುವ ಕೆಂಪು ಚುಕ್ಕಿ ಮೂಲ ಚಿತ್ರದಲ್ಲಿದೆ, ನಕಲಿನಲ್ಲಿ ಬಣ್ಣ ಹೋಗಿದೆ."

ಪ್ರತಿ ಅಧ್ಯಾಯಕ್ಕೂ ಹೀಗೆ ಒಂದು ಸಾಲು. ಬೈಗುಳ ಬೇಡ, ನೋವಿನ ಕಥೆ ಬೇಡ. ಅವರ ಮುನ್ನುಡಿಯನ್ನು ದೂರಿನಲ್ಲಿ ಸೇರಿಸಲೇಬೇಡಿ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಅದೇ ಕಾನೂನಿನಲ್ಲಿ ನಷ್ಟ ಕಟ್ಟಿಕೊಡಬೇಕಾಗುತ್ತದೆ.

ಇನ್ನೊಂದು ಮಾತು. ಇವುಗಳಲ್ಲಿ ಯಾವುದಾದರೂ ಪಾಠವನ್ನು ಮೊದಲು ಪತ್ರಿಕೆಗೋ ಸಂಸ್ಥೆಗೋ ಬರೆದುಕೊಟ್ಟಿದ್ದಿರಾ? ಹಾಗಿದ್ದರೆ ಕರಾರು ತೆಗೆದು ಓದಿ. ಹಕ್ಕು ಅವರಿಗೆ ಹೋಗಿದ್ದರೆ ದೂರು ಕೊಡಬೇಕಾದವರು ಅವರು.

ಎರಡುನುಡಿ

ಅನುವಾದ ಮಾಡಿ ಮಾರಿದರೆ? ನನ್ನ ಲೇಖನವೊಂದು ಬೇರೆ ಭಾಷೆಯಲ್ಲಿ ಇಡಿಯಾಗಿ ಸಿಕ್ಕಿತು. ಯಂತ್ರದ ಅನುವಾದ ಅಂತ ನೋಡಿದರೇ ಗೊತ್ತಾಗುತ್ತದೆ. ಕೆಲವರು ತಂತ್ರಾಂಶಕ್ಕೆ ಕೊಟ್ಟು ಪದಗಳನ್ನು ಬದಲಾಯಿಸಿ "ಹೊಸದು" ಅಂತ ಮಾರುತ್ತಾರೆ.

ಕಟ್ಟೆವಕೀಲ

ಅನುವಾದದ ಹಕ್ಕು ಲೇಖಕರದೇ, ಬರ್ನ್ ಒಪ್ಪಂದದ 8ನೇ ವಿಧಿ ಅದನ್ನು ನೇರವಾಗಿ ಹೇಳುತ್ತದೆ. ಮನುಷ್ಯ ಮಾಡಿದರೂ ಯಂತ್ರ ಮಾಡಿದರೂ ಅನುಮತಿ ಬೇಕು. ಪದ ಬದಲಾಯಿಸುವವರ ವಿಷಯ ಕಷ್ಟ. ಅಲ್ಲಿ ಒಂದು ವಾಕ್ಯ ತೋರಿಸಿದರೆ ಸಾಲದು. ಎರಡು ಕಾಲಂ ಮಾಡಿ ಎಡಕ್ಕೆ ನಿಮ್ಮದು, ಬಲಕ್ಕೆ ಅವರದು ಇಡಿ. ಪ್ಯಾರಾಗಳ ಕ್ರಮ, ಉದಾಹರಣೆ, ನೀವೇ ಹುಟ್ಟಿಸಿದ ಹೋಲಿಕೆ ಒಂದಾದ ಮೇಲೊಂದು ಅದೇ ಜಾಗದಲ್ಲಿ ಬರುತ್ತಿದ್ದರೆ ನೋಡುವವರಿಗೆ ಅರ್ಥವಾಗುತ್ತದೆ. ಬರೀ ವಿಷಯ ಒಂದೇ ಆಗಿದ್ದರೆ ಬಿಟ್ಟುಬಿಡಿ.

ಹೊಸಪುಟ

ನನಗೆ ಭಯ ಶುರುವಾಗಿದೆ. ಮರುಮಾರಾಟದ ಹಕ್ಕು ಸಮೇತ ಅಂತ ಹೇಳಿ ಲೇಖನಗಳ ಒಂದು ಕಟ್ಟನ್ನು ಮಾರುತ್ತಿದ್ದರು, ನಾನು ಕೊಂಡಿದ್ದೇನೆ. ಇನ್ನೂ ಎಲ್ಲೂ ಹಾಕಿಲ್ಲ. ಅದು ಕದ್ದ ಮಾಲು ಅಲ್ಲ ಅಂತ ತಿಳಿಯುವುದು ಹೇಗೆ?

ಸರ್ವರ್‌ಕೋಣೆ

ಕೇಳಿದ್ದು ಒಳ್ಳೆಯದಾಯಿತು. ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ. ಪರವಾನಗಿ ಪತ್ರ ಎಷ್ಟೇ ಅಚ್ಚುಕಟ್ಟಾಗಿ ಇರಲಿ, ಮೂಲ ಲೇಖಕರು ಕೊಡದಿದ್ದರೆ ಅದು ಬರೀ ಕಾಗದ. ಪ್ರತಿ ಲೇಖನದಿಂದ ಒಂದು ವಾಕ್ಯ ಹುಡುಕಿ ನೋಡಿ. ಯಾರದೋ ಜಾಲತಾಣದಲ್ಲಿ ಹಳೆಯ ದಿನಾಂಕದೊಂದಿಗೆ ಸಿಕ್ಕರೆ ಅವರನ್ನೇ ಕೇಳಿ. ಮಾರಿದವರಿಗೂ ಲೇಖಕರು ಯಾರು ಅಂತ ಬರೆದು ಕೇಳಿ. ಉತ್ತರ ಹಾರಿಕೆಯದ್ದಾದರೆ ಆ ಕಟ್ಟನ್ನು ಮುಟ್ಟಬೇಡಿ, ದುಡ್ಡು ವಾಪಸ್ ಕೇಳಿ.

ಬಿಡಿಹಾಳೆ

ಇಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಷರತ್ತಿನ ಮೇಲೆ ಎಲ್ಲರಿಗೂ ಮೊದಲೇ ಕೊಡುವ ಅನುಮತಿ) ಹಾಕಿರುವವರು ದೂರು ಕೊಡುವ ಮೊದಲು ಯಾವ ಬಗೆ ಅಂತ ನೋಡಿಕೊಳ್ಳಿ. ಬರೀ ಸಿಸಿ ಬೈ, ಅಂದರೆ ಹೆಸರು ಹೇಳಿದರೆ ಸಾಕು ಅನ್ನುವ ಬಗೆ ಆದರೆ ಹೆಸರು ಹೇಳಿ, ಪರವಾನಗಿಯ ಲಿಂಕ್ ಕೊಟ್ಟು, ಬದಲಾವಣೆ ಮಾಡಿದ್ದರೆ ತಿಳಿಸಿ, ಯಾರು ಬೇಕಾದರೂ ಮಾರಬಹುದು. ಅದು ಕಳ್ಳತನ ಅಲ್ಲ, ನಾವೇ ಕೊಟ್ಟ ಅನುಮತಿ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹೆಸರು ತೆಗೆದೋ ಉಳಿದ ಷರತ್ತು ಪಾಲಿಸದೆಯೋ ಮಾರಿದರೆ ಮಾತ್ರ ಪರವಾನಗಿ ಮುರಿದ ಹಾಗೆ. ವ್ಯಾಪಾರ ಬೇಡ ಅನ್ನುವವರು ಎನ್‌ಸಿ (ನಾನ್ ಕಮರ್ಷಿಯಲ್) ಇರುವ ಬಗೆ ಆರಿಸಿಕೊಳ್ಳಬೇಕು. ಏನೂ ಹಾಕದಿದ್ದರೆ ಎಲ್ಲ ಹಕ್ಕೂ ನಿಮ್ಮಲ್ಲೇ ಉಳಿಯುತ್ತದೆ.

ಮರೆಹೆಸರು

ನಾನು ಕಾವ್ಯನಾಮದಲ್ಲಿ ಬರೆಯುತ್ತೇನೆ, ಅದಕ್ಕೆ ಕಾರಣಗಳೂ ಇವೆ. ದೂರು ಕೊಟ್ಟರೆ ನನ್ನ ನಿಜವಾದ ಹೆಸರು ಕದ್ದವರ ಕೈಗೆ ಹೋಗುತ್ತದಾ?

ತಿದ್ದುಪಡಿ

ಹೋಗಬಹುದು. ಬಹಳ ಕಂಪನಿಗಳು ದೂರಿನ ಪ್ರತಿಯನ್ನು ಮಾರಾಟಗಾರರಿಗೆ ಕಳಿಸುತ್ತವೆ. ಗೂಗಲ್‌ಗೆ ಹೋದ ದೂರುಗಳು ಲ್ಯೂಮೆನ್ ಅನ್ನುವ ಸಾರ್ವಜನಿಕ ಸಂಗ್ರಹಕ್ಕೂ ಹೋಗುತ್ತವೆ. ಅಲ್ಲಿ ವಿಳಾಸ, ಫೋನ್ ಮುಚ್ಚುತ್ತಾರೆ, ಆದರೆ ದೂರು ಕೊಟ್ಟವರ ಹೆಸರು ಕಾಣಿಸಬಹುದು. ಕಾವ್ಯನಾಮದಿಂದ ನಿಮ್ಮ ಹಕ್ಕು ಏನೂ ಕಡಿಮೆ ಆಗುವುದಿಲ್ಲ. ಪ್ರಕಾಶಕರಿದ್ದರೆ ಅವರ ಮೂಲಕ, ಇಲ್ಲದಿದ್ದರೆ ವಕೀಲರ ಮೂಲಕ ಕೊಡಿಸಿ. ಪರವಾಗಿ ದೂರು ಕೊಡಲು ಕಾನೂನೇ ಜಾಗ ಬಿಟ್ಟಿದೆ.

ಮಸಿಕುಡಿಕೆ

ಸುದ್ದಿ ಇದೆ. ದೂರು ಕೊಟ್ಟ ಮೇಲೆ ಪುಸ್ತಕ ತೆಗೆದರು. ಇವತ್ತು ಮಾರುಕಟ್ಟೆಯಿಂದ ಮತ್ತೆ ಪತ್ರ ಬಂತು, ಮಾರಿದವರು ಪ್ರತಿದೂರು ಕೊಟ್ಟಿದ್ದಾರಂತೆ, ಪಾಠಗಳು ತಮ್ಮವೇ ಅಂತ. ಓದಿ ಮೈಯೆಲ್ಲ ಉರಿಯಿತು. ಇನ್ನೊಂದು ತಾಣದಲ್ಲೂ ಅದೇ ಪುಸ್ತಕ ಕಾಣಿಸಿದೆ, ಆ ತಾಣ ಅವರದೇ ಇರಬೇಕು, ದೂರಿನ ಫಾರಂ ಏನೂ ಇಲ್ಲ.

ಕಟ್ಟೆವಕೀಲ

ಪ್ರತಿದೂರು ಕೊಟ್ಟವರು ತಮ್ಮ ಹೆಸರು ವಿಳಾಸ ಕೊಟ್ಟು ಕೋರ್ಟಿನ ವ್ಯಾಪ್ತಿಗೆ ಒಪ್ಪಿರಬೇಕು. ಪತ್ರದಲ್ಲಿ ಅದು ಇದೆಯಾ ಮೊದಲು ನೋಡಿ. ಇಲ್ಲದಿದ್ದರೆ ಪ್ರತಿದೂರು ಅಪೂರ್ಣ ಅಂತ ಇವತ್ತೇ ಮಾರುಕಟ್ಟೆಗೆ ಬರೆಯಿರಿ. ಇದ್ದರೆ, ಡಿಎಂಸಿಎ ಪ್ರಕಾರ 10ರಿಂದ 14 ಕೆಲಸದ ದಿನಗಳಲ್ಲಿ ಪುಸ್ತಕ ಮತ್ತೆ ಮಾರಾಟಕ್ಕೆ ಬರುತ್ತದೆ, ಅಷ್ಟರೊಳಗೆ ನೀವು ದಾವೆ ಹೂಡಿದ ಸುದ್ದಿ ಅವರಿಗೆ ತಲುಪದಿದ್ದರೆ. ಭಾರತದ ಕಾನೂನಿನ ಕ್ರಮ ಬೇರೆ. ಅಲ್ಲಿ ಲಿಖಿತ ದೂರು ಬಂದ 36 ಗಂಟೆಯೊಳಗೆ ಮಧ್ಯವರ್ತಿ ತಾಣ (ಬೇರೆಯವರು ಹಾಕಿದ್ದನ್ನು ಇಟ್ಟುಕೊಂಡಿರುವ ತಾಣ) ನಕಲನ್ನು ತಡೆಯಬೇಕು, 21 ದಿನದೊಳಗೆ ನೀವು ಕೋರ್ಟ್ ಆದೇಶ ತರಬೇಕು. ನಿಮ್ಮ ಮಾರುಕಟ್ಟೆ ಯಾವ ಕಾನೂನಿಗೆ ಒಳಪಟ್ಟಿದೆ ಅನ್ನುವುದನ್ನು ಅದರ ನಿಯಮಗಳಲ್ಲಿ ಓದಿ.

ನೋಂದಣಿಯ ಪ್ರಶ್ನೆ ಈಗ ಬರುತ್ತದೆ. ಅಮೆರಿಕದಲ್ಲೇ ಮೊದಲು ಪ್ರಕಟವಾದ ಕೃತಿಯಾದರೆ ಸಾಮಾನ್ಯವಾಗಿ ನೋಂದಣಿ ಆದ ಮೇಲೇ ಅಲ್ಲಿ ದಾವೆ ಹೂಡಬಹುದು, ಬರೀ ಅರ್ಜಿ ಸಾಲದು ಅಂತ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಬೇರೆ ದೇಶದ ಕೃತಿಗೆ ದಾವೆ ಹೂಡಲು ಅದು ಬೇಕಿಲ್ಲ. ಆದರೆ ಕಾನೂನೇ ನಿಗದಿ ಮಾಡಿದ ಪರಿಹಾರ ಮತ್ತು ವಕೀಲರ ಖರ್ಚು ಸಿಗಬೇಕಾದರೆ ಯಾರಿಗಾದರೂ ನೋಂದಣಿ ಸಮಯಕ್ಕೆ ಆಗಿರಬೇಕು. ಮುಂದಿನ ಪಾಠಗಳನ್ನು ಸೇರಿಸಿ ನೋಂದಾಯಿಸುವುದನ್ನು ಯೋಚಿಸಿ. ಈಗಿನದಕ್ಕೆ ಒಬ್ಬ ವಕೀಲರಿಂದ ನೋಟಿಸ್ ಕಳಿಸಿ. ಪ್ರತಿದೂರಿನಿಂದ ಅವರ ವಿಳಾಸ ಈಗ ನಿಮ್ಮ ಕೈಯಲ್ಲಿದೆ, ಅದು ಚಿಕ್ಕ ವಿಷಯ ಅಲ್ಲ. ಕೊಂಡ ಪ್ರತಿ, ರಸೀದಿ, ಆರ್ಕೈವ್ ದಿನಾಂಕ, ಎಲ್ಲ ಜೊತೆಗಿಡಿ. ಚಿತ್ರಗಳ ಮೂಲ ಕಡತ ನಿಮ್ಮ ಕಂಪ್ಯೂಟರಿನಲ್ಲಿ ಇದೆಯಲ್ಲ, ಬಣ್ಣ ಸಮೇತ? ಅವರ ಬಳಿ ಅದು ಇರಲು ಸಾಧ್ಯವೇ ಇಲ್ಲ.

ಸರ್ವರ್‌ಕೋಣೆ

ಎರಡನೇ ತಾಣಕ್ಕೆ ಫಾರಂ ಇಲ್ಲದಿದ್ದರೆ ಪರವಾಗಿಲ್ಲ. ತಾಣ ಅವರದಾದರೂ ಸರ್ವರ್ ಬೇರೆಯವರದು. ತಾಣದ ಹೆಸರನ್ನು ಯಾರು ನೋಂದಾಯಿಸಿದ್ದಾರೆ ಅಂತ ತೋರಿಸುವ ಹೂಈಸ್ ದಾಖಲೆಯಲ್ಲಿ ಮಾಲೀಕರ ಹೆಸರು ಮುಚ್ಚಿದ್ದರೂ ನೋಂದಣಿ ಕಂಪನಿಯ ಹೆಸರು ಕಾಣುತ್ತದೆ. ಐಪಿ ವಿಳಾಸ ಹುಡುಕಿದರೆ ಸರ್ವರ್ ಕೊಟ್ಟಿರುವ ಹೋಸ್ಟಿಂಗ್ ಕಂಪನಿ ಯಾವುದು ಅಂತ ತಿಳಿಯುತ್ತದೆ. ನಿಜವಾದ ಸರ್ವರನ್ನು ಮರೆಮಾಡುವ ಪ್ರಾಕ್ಸಿ ಸೇವೆ ಮುಂದೆ ನಿಂತಿದ್ದರೆ ಅವರಿಗೇ ದೂರು ಕೊಡಿ, ಹಿಂದಿರುವ ಹೋಸ್ಟ್‌ಗೆ ದಾಟಿಸುತ್ತಾರೆ.

ಆಮೇಲೆ ದುಡ್ಡು ಹೋಗುವ ದಾರಿ ನೋಡಿ. ಕೊಳ್ಳುವ ಬಟನ್ ಒತ್ತಿ ಪಾವತಿಯ ಪುಟದವರೆಗೆ ಮಾತ್ರ ಹೋಗಿ, ಯಾವ ಪಾವತಿ ಸಂಸ್ಥೆ ಅಂತ ಅಲ್ಲಿ ಕಾಣುತ್ತದೆ. ಕದ್ದ ಮಾಲು ಮಾರುವವರಿಗೆ ಸೇವೆ ಕೊಡಬಾರದು ಅಂತ ಅವರ ನಿಯಮಗಳಲ್ಲೇ ಸಾಮಾನ್ಯವಾಗಿ ಇರುತ್ತದೆ. ಅದೇ ದೂರನ್ನು ಅವರಿಗೂ ಕಳಿಸಿ. ಗೂಗಲ್‌ನಲ್ಲೂ ದೂರು ಹಾಕಿ. ಪುಟ ಅಳಿಸುವುದಿಲ್ಲ, ಹುಡುಕಾಟದಲ್ಲಿ ಕಾಣದ ಹಾಗೆ ಮಾಡುತ್ತಾರೆ.

ಮಸಿಕುಡಿಕೆ

ಪ್ರತಿದೂರಿನಲ್ಲಿ ವಿಳಾಸ ಇದೆ, ಕೋರ್ಟಿನ ವಾಕ್ಯ ಮಾತ್ರ ಇಲ್ಲ. ಅಪೂರ್ಣ ಅಂತ ಈಗಷ್ಟೇ ಬರೆದೆ, ವಕೀಲರನ್ನೂ ಕೇಳಿದ್ದೇನೆ. ಪಾವತಿ ಸಂಸ್ಥೆಯ ಪುಟ ತೆರೆದಿದೆ, ದೂರು ತುಂಬುತ್ತಿದ್ದೇನೆ. ಆ ಪುಸ್ತಕ ಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ತೋಳಿನ ಚಿತ್ರ ಬಣ್ಣದಲ್ಲೇ ನನ್ನ ಜಾಲತಾಣದಲ್ಲಿದೆ, ಅದನ್ನು ನೋಡಿಕೊಂಡು ಹೊಲಿಯಿರಿ.